ನಿಜಕ್ಕೆಲ್ಲ ಸಾಧನೆ ಇದೆಯೇ? - ತಡವಾಗಿ ಕೇಳಿದ ಒಂದು ಪ್ರಶ್ನೆಯ ಕಥೆ

ಗೋಡೆಲ್ ಅನ್ನುವ ಹೆಸರು ಕೇಳಿದವರಿಗೆಲ್ಲ ಸಾಮಾನ್ಯವಾಗಿ ಗೊತ್ತಿರುವುದು ಒಂದೇ ಮಾತು. 'ಗಣಿತದಲ್ಲಿ ನಿಜವಾದದ್ದನ್ನೆಲ್ಲ ಸಾಧಿಸಲು ಆಗುವುದಿಲ್ಲ ಅಂತ ತೋರಿಸಿದವನು' ಅಂತ. ಈ ಒಂದು ಎಳೆ ಹಿಡಿದುಕೊಂಡು ಮನುಷ್ಯನ ಬುದ್ಧಿಗೆ ಮಿತಿಯಿದೆ, ತರ್ಕವೆಲ್ಲ ಬೊಗಳೆ, ಕಂಪ್ಯೂಟರಿಗೆ ಆತ್ಮವಿಲ್ಲ ಅಂತ ಏನು ಬೇಕಾದರೂ ಹೇಳುವವರಿದ್ದಾರೆ. ಆದರೆ ಅದೇ ಗೋಡೆಲ್ ಅದಕ್ಕಿಂತ ಮೊದಲು, 1929ರಲ್ಲಿ, ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಸಾಧಿಸಿದ್ದು ಕಿವಿಗೆ ಇದರ ತದ್ವಿರುದ್ಧ ಕೇಳಿಸುವಂಥದ್ದು. ತರ್ಕದ ನಿಯಮಗಳು ಪೂರ್ಣವಾಗಿವೆ, ತರ್ಕದ ಬಲದಿಂದ ನಿಜವಾದ ಒಂದು ಮಾತೂ ಸಾಧನೆಯಿಲ್ಲದೆ ಉಳಿಯುವುದಿಲ್ಲ ಅಂತ! ಇದರ ಬಗ್ಗೆ ಮಾತಾಡುವವರು ಕಡಿಮೆ. ಸೋತ ಸುದ್ದಿಗಿರುವ ಮಾರ್ಕೆಟ್ಟು ಗೆದ್ದ ಸುದ್ದಿಗಿಲ್ಲ ನೋಡಿ :-)

ನಾನು ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಸಾಫ್ಟ್‌ವೇರು. ಗಣಿತಜ್ಞನೇನಲ್ಲ. ಆದರೂ ಈ ಕಥೆ ಬರೆಯಬೇಕು ಅನ್ನಿಸಿದ್ದು ಎರಡು ಕಾರಣಕ್ಕೆ. ಒಂದು, ಗೋಡೆಲ್‌ನ ಪ್ರಸಿದ್ಧವಾದ ಎರಡನೇ ಮಾತು ಸರಿಯಾಗಿ ಅರ್ಥವಾಗಬೇಕಾದರೆ ಈ ಮೊದಲನೆಯದು ಗೊತ್ತಿರಲೇಬೇಕು. ಎರಡು, ಇದು ಉತ್ತರಕ್ಕಿಂತ ಪ್ರಶ್ನೆ ಸಿಗುವುದೇ ಕಷ್ಟವಾದ ಕಥೆ. ಉತ್ತರದ ಬಹುಪಾಲು ಏಳು ವರ್ಷ ಒಬ್ಬನ ಕೈಯಲ್ಲೇ ಇತ್ತು. ಅದು ಉತ್ತರ ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಕನ್ನಡ ಮೀಡಿಯಮ್ಮಿನಲ್ಲಿ ಹೈಸ್ಕೂಲು ಓದಿದವರಿಗೆ ನೆನಪಿರುತ್ತೆ. ರೇಖಾಗಣಿತದ ಪ್ರಮೇಯ ಬರೆಯುವಾಗ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ನಾಲ್ಕು ಭಾಗ. ಸಾಧನೆಯ ಪ್ರತಿ ಸಾಲಿನ ಎದುರಿಗೂ ಒಂದು ಕಾರಣ ಬರೆಯಬೇಕು. ಕಾರಣವಿಲ್ಲದ ಸಾಲಿಗೆ ಮಾರ್ಕ್ಸ್ ಇಲ್ಲ. ಆಗ ನಮಗೆ 'ಇದು ನಿಜವೇ?' ಅನ್ನುವುದೂ 'ಇದಕ್ಕೆ ಸಾಧನೆ ಇದೆಯೇ?' ಅನ್ನುವುದೂ ಒಂದೇ ಪ್ರಶ್ನೆ. ಅವೆರಡೂ ಬೇರೆ ಬೇರೆ ಪ್ರಶ್ನೆಗಳು ಅಂತ ಸ್ಪಷ್ಟವಾಗಿ ಕಾಣಲು ದೊಡ್ಡ ದೊಡ್ಡ ತಲೆಗಳಿಗೇ ಬಹಳ ಕಾಲ ಬೇಕಾಯಿತು.

ಒಂದು ಉದಾಹರಣೆ ನೋಡೋಣ. 'ಎಲ್ಲರಿಗೂ ತಾಯಿಯಾದ ಒಬ್ಬಳು ಇದ್ದಾಳೆ' ಅನ್ನುವುದು ನಿಜವಾದರೆ 'ಪ್ರತಿಯೊಬ್ಬರಿಗೂ ಒಬ್ಬ ತಾಯಿ ಇದ್ದಾಳೆ' ಅನ್ನುವುದೂ ನಿಜ. ಈ ತೀರ್ಮಾನಕ್ಕೆ ತಾಯಿ ಅಂದರೇನು ಅಂತ ಗೊತ್ತಿರಬೇಕಾಗಿಲ್ಲ. ತಾಯಿಯನ್ನು ತೆಗೆದು 'ಸಾಲ ಕೊಟ್ಟವಳು' ಅಂತ ಹಾಕಿ, 'ಮ್ಯಾನೇಜರು' ಅಂತ ಹಾಕಿ, ಮನುಷ್ಯರ ಬದಲು ಸಂಖ್ಯೆಗಳನ್ನು ಇಡಿ. ಯಾವ ಜಗತ್ತಿಗೆ ಹೋದರೂ ನಿಲ್ಲುತ್ತೆ. ಆದರೆ ಇದನ್ನು ತಿರುಗಿಸಿ ಹೇಳಿದರೆ ನಿಲ್ಲುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ತಾಯಿ ಇದ್ದಾಳೆ ಅಂದ ಮಾತ್ರಕ್ಕೆ ಊರಿಗೆಲ್ಲ ಒಬ್ಬಳೇ ತಾಯಿ ಆಗುವುದಿಲ್ಲ. ಇದನ್ನು ಬೀಳಿಸಲು ಒಂದೇ ಒಂದು ಜಗತ್ತು ತೋರಿಸಿದರೆ ಸಾಕು, ನಮ್ಮದೇ ಸಾಕು.

ಹೀಗೆ ಯಾವ ಜಗತ್ತಿನಲ್ಲಿ ಇಟ್ಟು ನೋಡಿದರೂ ಸುಳ್ಳಾಗದ ಮಾತನ್ನು 'ತರ್ಕದ ನಿಜ' ಅಂತ ಕರೆಯೋಣ. 'ಎಲ್ಲ', 'ಕೆಲವು', 'ಮತ್ತು', 'ಅಥವಾ', 'ಅಲ್ಲ', 'ಆದರೆ-ಆಗ' ಇಷ್ಟೇ ಪದಗಳ ಅರ್ಥ ಸ್ಥಿರ, ಉಳಿದದ್ದೆಲ್ಲ ಬದಲಾಗಬಹುದು. 'ಎಲ್ಲ' ಮತ್ತು 'ಕೆಲವು' ವಸ್ತುಗಳ ಬಗ್ಗೆ ಮಾತ್ರ ಹೇಳಬೇಕು, ವಸ್ತುಗಳ ಗುಂಪುಗಳ ಬಗ್ಗೆ ಅಲ್ಲ. ಇದೇ ಫಸ್ಟ್ ಆರ್ಡರ್ ಲಾಜಿಕ್.

ಈಗ ಕಷ್ಟ ನೋಡಿ. ತರ್ಕದ ನಿಜ ಅಂತ ಖಚಿತ ಮಾಡಿಕೊಳ್ಳಲು ಎಲ್ಲ ಜಗತ್ತುಗಳನ್ನೂ ಸುತ್ತಿ ಬರಬೇಕು. ಅವು ಅನಂತ. ಒಂದೊಂದು ಜಗತ್ತೇ ಅನಂತವಾಗಿರಬಹುದು. ಸಾಧನೆ ಅನ್ನುವುದೋ, ಕೆಲವು ಸಾಲುಗಳ ಒಂದು ಹಾಳೆ. ಪ್ರತಿ ಸಾಲೂ ಒಂದು ಸ್ವಯಂಸಿದ್ಧ, ಇಲ್ಲವೇ ಹಿಂದಿನ ಸಾಲುಗಳಿಂದ ನಿಯಮದ ಪ್ರಕಾರ ಬಂದದ್ದು. ಅರ್ಥ ಗೊತ್ತಿಲ್ಲದ ಗುಮಾಸ್ತನೂ ಸಾಲು ಸಾಲಾಗಿ ತಾಳೆ ನೋಡಬಹುದು. ಈ ಹಾಳೆಗೂ ಆ ಅನಂತ ಜಗತ್ತುಗಳಿಗೂ ಏನು ಸಂಬಂಧ?

ಇಲ್ಲಿ ಎರಡು ಪ್ರಶ್ನೆಗಳಿವೆ. ಸಾಧನೆ ಇರುವುದೆಲ್ಲ ನಿಜವೇ? ಇದಕ್ಕೆ ಸೌಂಡ್‌ನೆಸ್ ಅನ್ನುತ್ತಾರೆ. ನಿಜವಾದದ್ದಕ್ಕೆಲ್ಲ ಸಾಧನೆ ಇದೆಯೇ? ಇದು ಕಂಪ್ಲೀಟ್‌ನೆಸ್, ಕನ್ನಡದಲ್ಲಿ ಪೂರ್ಣತೆ ಅನ್ನೋಣ.

ಮನೆಯ ಹಿಟ್ಟಿನ ಜರಡಿ ನೆನಪಿಸಿಕೊಳ್ಳಿ. ಕಲ್ಲು ಕೆಳಗೆ ಬೀಳಬಾರದು, ಇದು ಸೌಂಡ್‌ನೆಸ್. ಹಿಟ್ಟು ಮೇಲೆ ಉಳಿಯಬಾರದು, ಇದು ಪೂರ್ಣತೆ. ಒಂದೊಂದನ್ನೇ ಬೇರೆಯಾಗಿ ಪಡೆಯುವುದು ಮಕ್ಕಳಾಟ. ತೂತೇ ಇಲ್ಲದ ತಟ್ಟೆಯಿಂದ ಒಂದು ಕಲ್ಲೂ ಬೀಳುವುದಿಲ್ಲ. ಹರಿದ ಜರಡಿಯಲ್ಲಿ ಒಂದು ಚೂರು ಹಿಟ್ಟೂ ಉಳಿಯುವುದಿಲ್ಲ. ಎರಡೂ ಒಟ್ಟಿಗೆ ಬೇಕು ಅಂದಾಗಲೇ ತೂತಿನ ಅಳತೆಯ ಪ್ರಶ್ನೆ ಬರುವುದು.

'ತರ್ಕದ ನಿಜ ನೋಡಿದರೇ ಗೊತ್ತಾಗುತ್ತಲ್ಲ, ಸಾಧನೆ ಯಾಕೆ?' ಅನ್ನುವವರಿಗೆ ರೇಮಂಡ್ ಸ್ಮಲ್ಯನ್ ಜನಪ್ರಿಯಗೊಳಿಸಿದ ಒಂದು ಒಗಟನ್ನು ನಮ್ಮ ದರ್ಶಿನಿಗೆ ತಂದು ಹೇಳುತ್ತೇನೆ. 'ಈ ಹೋಟೆಲಿನಲ್ಲಿ ಒಬ್ಬ ಗಿರಾಕಿ ಇದ್ದಾನೆ, ಅವನು ಕಾಫಿ ಕುಡಿಯುತ್ತಿದ್ದರೆ ಇಲ್ಲಿರುವ ಎಲ್ಲರೂ ಕಾಫಿ ಕುಡಿಯುತ್ತಿದ್ದಾರೆ.' ಅಂಥ ಪುಣ್ಯಾತ್ಮ ಯಾರಪ್ಪ ಅನ್ನಿಸುತ್ತೆ ಅಲ್ವಾ? ಆದರೆ ಇದು ತರ್ಕದ ನಿಜ. ಹೋಟೆಲ್ ಖಾಲಿ ಇರಬಾರದು, ಅಷ್ಟೆ. ಎಲ್ಲರೂ ಕಾಫಿ ಕುಡಿಯುತ್ತಿದ್ದರೆ ಯಾರನ್ನು ಬೇಕಾದರೂ ತೋರಿಸಿ. ಇಲ್ಲವೆಂದರೆ ಕುಡಿಯದವನೊಬ್ಬ ಇದ್ದಾನೆ, ಅವನನ್ನೇ ತೋರಿಸಿ. 'ಅವನು ಕುಡಿಯುತ್ತಿದ್ದರೆ' ಅನ್ನುವ ಷರತ್ತೇ ಸುಳ್ಳಾದ್ದರಿಂದ ಮಾತು ಉಳಿಯುತ್ತೆ. ನಾಲ್ಕು ಸಾಲಿನ ಸಾಧನೆ, ಜಗತ್ತಿನ ಎಲ್ಲ ಹೋಟೆಲುಗಳಿಗೂ ಸಾಕು!

*

ಈಗ ಇತಿಹಾಸಕ್ಕೆ ಬರೋಣ. 1879ರಲ್ಲಿ ಜರ್ಮನಿಯ ಯೇನಾದಲ್ಲಿ ಪಾಠ ಹೇಳುತ್ತಿದ್ದ ಗಾಟ್ಲೋಬ್ ಫ್ರೇಗೆ 'ಬೆಗ್ರಿಫ್‌ಶ್ರಿಫ್ಟ್' ಅನ್ನುವ ಸಣ್ಣ ಪುಸ್ತಕ ತಂದ. 'ಎಲ್ಲ', 'ಕೆಲವು'ಗಳನ್ನು ಚಿಹ್ನೆಗಳಲ್ಲಿ ಬರೆದು, ಸ್ವಯಂಸಿದ್ಧಗಳನ್ನೂ ನಿಯಮಗಳನ್ನೂ ಕೊಟ್ಟು, ಸಾಧನೆಯನ್ನೇ ಒಂದು ಯಂತ್ರದಂತೆ ಮಾಡಿದ ಮೊದಲ ಪುಸ್ತಕ ಅದು. ಗಣಿತವನ್ನೆಲ್ಲ ತರ್ಕದಿಂದಲೇ ಕಟ್ಟುವುದು ಅವನ ಕನಸು. ಆ ಕೆಲಸದ ಎರಡನೇ ಸಂಪುಟ ಅಚ್ಚಿನಲ್ಲಿದ್ದಾಗ, 1902ರ ಜೂನ್‌ನಲ್ಲಿ ಬರ್ಟ್ರಂಡ್ ರಸೆಲ್‌ನ ಕಾಗದ ಬಂತು. ತನ್ನೊಳಗೆ ತಾನೇ ಇಲ್ಲದ ಗುಂಪುಗಳದ್ದೇ ಒಂದು ಗುಂಪು ಮಾಡಿದರೆ, ಅದು ತನ್ನೊಳಗೆ ಇದೆಯೋ ಇಲ್ಲವೋ? ಇದೆ ಅಂದರೆ ಇಲ್ಲ, ಇಲ್ಲ ಅಂದರೆ ಇದೆ. ಫ್ರೇಗೆಯ ಜರಡಿಯಿಂದ ಕಲ್ಲು ಬಿದ್ದಿತ್ತು. ಅದು ಬಿದ್ದದ್ದು ಅವನು ನಂತರ ಸೇರಿಸಿದ ಗುಂಪುಗಳ ಸ್ವಯಂಸಿದ್ಧದಿಂದ, 1879ರ 'ಎಲ್ಲ-ಕೆಲವು' ಭಾಗ ಗಟ್ಟಿಯಾಗಿಯೇ ಇತ್ತು. ಆದರೆ ಭಯ ಭಯವೇ.

ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಕಲ್ಲಿನ ಮೇಲೆ. ರಸೆಲ್ ಮತ್ತು ವೈಟ್‌ಹೆಡ್ ಸೇರಿ 1910ರಿಂದ 1913ರವರೆಗೆ ಮೂರು ಸಂಪುಟಗಳ 'ಪ್ರಿನ್ಸಿಪಿಯಾ ಮ್ಯಾಥಮೆಟಿಕಾ' ತಂದರು. ಮೊದಲ ಸಂಪುಟದ 379ನೇ ಪುಟಕ್ಕೆ ಬಂದಾಗ 'ಇದರಿಂದ ಮುಂದೆ ಒಂದಕ್ಕೆ ಒಂದು ಕೂಡಿಸಿದರೆ ಎರಡು ಅಂತ ಬರುತ್ತದೆ' ಅನ್ನುವ ಸೂಚನೆ ಸಿಗುತ್ತೆ. ಅಷ್ಟು ಎಚ್ಚರ! ಆದರೆ ತಾವು ಕೊಟ್ಟ ನಿಯಮಗಳು ಸಾಕೇ ಅನ್ನುವುದಕ್ಕೆ ಅವರ ಬಳಿ ಇದ್ದ ಆಧಾರ ಒಂದೇ, ಇಲ್ಲಿಯವರೆಗೆ ಬೇಕಾದದ್ದೆಲ್ಲ ಬಂದಿದೆ ಅನ್ನುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬರೆದ ಟೆಸ್ಟ್ ಕೇಸುಗಳೆಲ್ಲ ಪಾಸಾಗಿವೆ. ಬರೆಯದೇ ಬಿಟ್ಟ ಟೆಸ್ಟ್ ಕೇಸಿನ ಗತಿ ಏನು ಅಂತ ಸಾಫ್ಟ್‌ವೇರಿನವರಿಗೆ ಹೇಳಿಕೊಡಬೇಕಿಲ್ಲ.

ಸಾಕೇ ಅಂತ ಮೊದಲು ನೇರವಾಗಿ ಕೇಳಿ ಉತ್ತರಿಸಿದವರು ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ. 1918ರಲ್ಲಿ ಗ್ಯೋಟಿಂಗನ್‌ನಲ್ಲಿ, ಡೇವಿಡ್ ಹಿಲ್ಬರ್ಟ್‌ನ ಸಹಾಯಕ ಪಾಲ್ ಬೆರ್ನೈಸ್. ಅವನು ಇದನ್ನು ಅಚ್ಚು ಹಾಕಿಸಿದ್ದು 1926ರಲ್ಲಿ, ಅದೂ ಒಂದು ಭಾಗವನ್ನು ಮಾತ್ರ. ಇನ್ನೊಬ್ಬ 1920ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ ಎಮಿಲ್ ಪೋಸ್ಟ್. ಚಿಕ್ಕಂದಿನಲ್ಲೇ ಅಪಘಾತದಲ್ಲಿ ಎಡಗೈ ಕಳೆದುಕೊಂಡಿದ್ದ ವಲಸೆ ಬಂದ ಹುಡುಗ. ಇಬ್ಬರೂ ತೆಗೆದುಕೊಂಡದ್ದು ತರ್ಕದ ಸಣ್ಣ ಭಾಗವನ್ನು, ಅಂದರೆ 'ಮತ್ತು, ಅಥವಾ, ಅಲ್ಲ' ಇಷ್ಟನ್ನೇ. ಇಂಜಿನಿಯರಿಂಗಿನಲ್ಲಿ ನಾವೆಲ್ಲ ಪುಟಗಟ್ಟಲೆ ಬರೆದ ಟ್ರೂತ್ ಟೇಬಲ್ ಇದೆಯಲ್ಲ, ಪೋಸ್ಟ್ ಬಳಸಿದ್ದು ಅದನ್ನೇ. ಟೇಬಲ್ಲಿನ ಕೊನೆಯ ಕಾಲಮ್ಮಿನಲ್ಲಿ ಬರೀ 'ನಿಜ'ವೇ ಬರುವ ಪ್ರತಿ ವಾಕ್ಯಕ್ಕೂ ಪ್ರಿನ್ಸಿಪಿಯಾದ ನಿಯಮಗಳಿಂದ ಸಾಧನೆ ಸಿಗುತ್ತೆ, ಬೇರೆ ಯಾವುದಕ್ಕೂ ಸಿಗುವುದಿಲ್ಲ ಅಂತ ತೋರಿಸಿದ. ಬೆರ್ನೈಸ್ ಇನ್ನೂ ಒಂದು ತಮಾಷೆ ಪತ್ತೆ ಮಾಡಿದ. ಈ ಭಾಗಕ್ಕೆ ಪ್ರಿನ್ಸಿಪಿಯಾ ಕೊಟ್ಟಿದ್ದ ಐದು ಸ್ವಯಂಸಿದ್ಧಗಳಲ್ಲಿ ಒಂದು ಬೇಕಾಗಿಯೇ ಇರಲಿಲ್ಲ, ಉಳಿದ ನಾಲ್ಕರಿಂದ ಅದನ್ನು ಸಾಧಿಸಬಹುದಿತ್ತು.

ಆದರೆ ಟೇಬಲ್ಲಿಗೆ ಕೊನೆಯ ಸಾಲು ಅಂತ ಒಂದಿದೆ. ಮೂರು ಅಕ್ಷರಕ್ಕೆ 8 ಸಾಲು, ಹತ್ತು ಅಕ್ಷರಕ್ಕೆ 1024 ಸಾಲು. ಎಷ್ಟೇ ಆದರೂ ಮುಗಿಯುತ್ತೆ. 'ಎಲ್ಲ', 'ಕೆಲವು' ಬಂದ ಕೂಡಲೇ ಟೇಬಲ್ಲು ಮುಗಿಯುವುದೇ ಇಲ್ಲ. ಅಲ್ಲಿ ಏನು ಮಾಡುವುದು?

1928ರಲ್ಲಿ ಹಿಲ್ಬರ್ಟ್ ಮತ್ತು ಅವನ ಶಿಷ್ಯ ವಿಲ್ಹೆಲ್ಮ್ ಆಕರ್ಮನ್ ತರ್ಕದ ಒಂದು ತೆಳುವಾದ ಪಠ್ಯಪುಸ್ತಕ ತಂದರು. ಫಸ್ಟ್ ಆರ್ಡರ್ ಲಾಜಿಕ್ಕನ್ನು ಉಳಿದದ್ದರಿಂದ ಬಿಡಿಸಿ ಬೇರೆಯಾಗಿಟ್ಟು ಹೇಳಿಕೊಟ್ಟ ಪುಸ್ತಕ. ಅದರಲ್ಲಿ ಸ್ಪಷ್ಟವಾಗಿ ಬರೆದರು, ಈ ನಿಯಮಗಳು ಪೂರ್ಣವೇ ಅನ್ನುವುದು ಇನ್ನೂ ಬಗೆಹರಿಯದ ಪ್ರಶ್ನೆ ಅಂತ. ಅದೇ ವರ್ಷ ಇಟಲಿಯ ಬೊಲೊನ್ಯಾದಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲೂ ಹಿಲ್ಬರ್ಟ್ ಇದನ್ನು ಮುಂದಿಟ್ಟ. ಫ್ರೇಗೆಯ ಪುಸ್ತಕ ಬಂದು ಆಗಲೇ 49 ವರ್ಷ ಆಗಿತ್ತು!

ಯಾಕಿಷ್ಟು ತಡ? ನನಗೆ ಅನ್ನಿಸುವುದು ಇಷ್ಟು. ಈ ಪ್ರಶ್ನೆ ಕೇಳಲು ತರ್ಕದ ಹೊರಗೆ ನಿಂತು ನೋಡಬೇಕು. ಒಂದು ಕೈಯಲ್ಲಿ ಸಾಧನೆ, ಇನ್ನೊಂದು ಕೈಯಲ್ಲಿ ನಿಜ ಹಿಡಿದು ಎರಡನ್ನೂ ತೂಗಬೇಕು. ಫ್ರೇಗೆಗೂ ರಸೆಲ್‌ಗೂ ತರ್ಕ ಅನ್ನುವುದು ಎಲ್ಲವನ್ನೂ ಹೇಳುವ ಒಂದೇ ಭಾಷೆ. ಅದರ ಹೊರಗೆ ನಿಲ್ಲಲು ಜಾಗವೆಲ್ಲಿ? ಮೀನಿಗೆ ನೀರು ಸಾಕೇ ಅಂತ ಕೇಳಲು ದಡ ಬೇಕಲ್ಲ.

*

ಕರ್ಟ್ ಗೋಡೆಲ್ ಹುಟ್ಟಿದ್ದು 1906ರಲ್ಲಿ, ಈಗ ಜೆಕ್ ದೇಶದಲ್ಲಿರುವ ಬ್ರ್ನೋ ಊರಿನಲ್ಲಿ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ಹಾನ್ ಅವನ ಗೈಡು. ಹಿಲ್ಬರ್ಟ್-ಆಕರ್ಮನ್ ಪುಸ್ತಕದ ಪ್ರಶ್ನೆ ಎತ್ತಿಕೊಂಡು 1929ರಲ್ಲಿ ಬಗೆಹರಿಸಿದಾಗ ಅವನಿಗೆ 23 ವರ್ಷ. 1930ರಲ್ಲಿ ಅದು ವಿಯೆನ್ನಾದ ಗಣಿತ ಪತ್ರಿಕೆಯಲ್ಲಿ ಚಿಕ್ಕ ಲೇಖನವಾಗಿ ಬಂತು.

ಎರಡರಲ್ಲಿ ಸೌಂಡ್‌ನೆಸ್ ಸುಲಭದ್ದು. ಪ್ರತಿ ಸ್ವಯಂಸಿದ್ಧವೂ ಎಲ್ಲ ಜಗತ್ತುಗಳಲ್ಲಿ ನಿಜ ಅಂತ ನೋಡಿಕೊಳ್ಳಿ. ಪ್ರತಿ ನಿಯಮವೂ ನಿಜದಿಂದ ನಿಜವನ್ನೇ ಕೊಡುತ್ತೆ ಅಂತ ನೋಡಿಕೊಳ್ಳಿ. ಆಮೇಲೆ ಸಾವಿರ ಸಾಲಿನ ಸಾಧನೆಯಾದರೂ ಕೊನೆಯ ಸಾಲು ನಿಜವಾಗಲೇಬೇಕು. ಕಷ್ಟ ಇರುವುದು ಪೂರ್ಣತೆಯಲ್ಲಿ. ಅಲ್ಲಿ ಕೈಯಲ್ಲಿ ಏನೂ ಇಲ್ಲ. 'ಎಲ್ಲ ಜಗತ್ತುಗಳಲ್ಲೂ ನಿಜ' ಅನ್ನುವ ಸುದ್ದಿಯೊಂದೇ ಇರುವುದು, ಅದರಿಂದ ಒಂದು ಹಾಳೆ ಹುಟ್ಟಬೇಕು.

ಗೋಡೆಲ್ ಪ್ರಶ್ನೆಯನ್ನು ತಿರುಗಿಸಿಕೊಂಡ. ಒಂದು ವಾಕ್ಯ ತೆಗೆದುಕೊಳ್ಳಿ. ಅದು ನಿಜವಾಗುವ ಒಂದು ಜಗತ್ತನ್ನು ಕಟ್ಟಲು ಹೊರಡಿ. ಮೊದಲು ಒಬ್ಬನನ್ನು ಇಡಿ. 'ಪ್ರತಿಯೊಬ್ಬರಿಗೂ ಒಬ್ಬ ತಾಯಿ ಇದ್ದಾಳೆ' ಅಂತ ವಾಕ್ಯ ಕೇಳಿದರೆ ಅವನಿಗೊಬ್ಬ ತಾಯಿಯನ್ನು ತನ್ನಿ, ಅವಳಿಗೆ ಇನ್ನೊಬ್ಬಳನ್ನು ತನ್ನಿ, ಹೀಗೆ. ಪ್ರತಿ ಹಂತದಲ್ಲೂ ಇರುವ ಜನ ಇಷ್ಟೇ, ಅವರ ನಡುವಿನ ಸಂಬಂಧಗಳ 'ಹೌದು-ಇಲ್ಲ'ಗಳೂ ಇಷ್ಟೇ. ಅಂದರೆ ಪ್ರತಿ ಹಂತವೂ ಮುಗಿಯುವ ಒಂದು ಟ್ರೂತ್ ಟೇಬಲ್ಲು. ಈಗ ಎರಡೇ ದಾರಿ. ಯಾವುದಾದರೂ ಒಂದು ಹಂತದಲ್ಲಿ ಟೇಬಲ್ಲಿನ ಎಲ್ಲ ಸಾಲುಗಳಲ್ಲೂ ವಿರೋಧ ಬಂದು ಕಟ್ಟುವುದು ನಿಂತುಹೋಗುತ್ತೆ. ಆಗ ಪೋಸ್ಟ್ ಮತ್ತು ಬೆರ್ನೈಸ್ ತೋರಿಸಿದಂತೆ ಆ ಟೇಬಲ್ಲಿನಿಂದಲೇ ಮೂಲ ವಾಕ್ಯವನ್ನು ಅಲ್ಲಗಳೆಯುವ ಸಾಧನೆ ಬರೆಯಬಹುದು. ಇಲ್ಲವೇ ಕಟ್ಟುವುದು ಎಂದೂ ನಿಲ್ಲುವುದಿಲ್ಲ. ಆಗ ಮುಗಿಯದ ಆ ಕವಲುಗಳ ಮರದಲ್ಲಿ ಎಲ್ಲೂ ಕಡಿಯದ ಒಂದು ದಾರಿ ಇದ್ದೇ ಇರುತ್ತೆ. ಆ ದಾರಿಯೇ ನಮಗೆ ಬೇಕಾದ ಜಗತ್ತು.

ಅಷ್ಟೆ, ಮುಗಿಯಿತು. ಒಂದು ಮಾತು ಎಲ್ಲ ಜಗತ್ತುಗಳಲ್ಲೂ ನಿಜವಾಗಿದ್ದರೆ ಅದರ 'ಅಲ್ಲ'ಕ್ಕೆ ಜಗತ್ತೇ ಇಲ್ಲ. ಜಗತ್ತಿಲ್ಲದ ಮೇಲೆ ಎರಡನೇ ದಾರಿ ಇಲ್ಲ. ಮೊದಲ ದಾರಿ ಮಾತ್ರ ಉಳಿಯಿತು, ಅಂದರೆ ಅದರ 'ಅಲ್ಲ'ವನ್ನು ಅಲ್ಲಗಳೆಯುವ ಸಾಧನೆ ಇದೆ. ಅದೇ ಮೂಲ ಮಾತಿನ ಸಾಧನೆ. ಅನಂತ ಜಗತ್ತುಗಳ ಸುತ್ತಾಟ ಮುಗಿಯುವ ಒಂದು ಹಾಳೆಯಲ್ಲಿ ಹಿಡಿಸಿತು.

ಏಳು ವರ್ಷ ಉತ್ತರ ಇನ್ನೊಬ್ಬನ ಕೈಯಲ್ಲಿತ್ತು ಅಂದೆನಲ್ಲ, ಅವನು ನಾರ್ವೆಯ ಥೊರಾಲ್ಫ್ ಸ್ಕೋಲೆಮ್. ಈ ದಾರಿಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ, 1915ಕ್ಕೆ, ಬರ್ಲಿನ್ನಿನಲ್ಲಿ ಶಾಲಾ ಮೇಷ್ಟ್ರಾಗಿದ್ದ ಲಿಯೋಪೋಲ್ಡ್ ಲೋವೆನ್‌ಹೈಮ್ ಬರೆದ ಒಂದು ಲೇಖನಕ್ಕೆ. ಅದನ್ನು ಚೊಕ್ಕ ಮಾಡಿದವನು ಸ್ಕೋಲೆಮ್. 1922ರಲ್ಲಿ ಹೆಲ್ಸಿಂಕಿಯಲ್ಲಿ ಮಾಡಿದ ಭಾಷಣದಲ್ಲಿ ಮೇಲೆ ಹೇಳಿದ ಹಂತ ಹಂತದ ಕಟ್ಟುವಿಕೆ ಇದೆ. ಒಂದೋ ನಿಂತುಹೋಗುತ್ತೆ, ಇಲ್ಲವೋ ಜಗತ್ತು ಸಿಗುತ್ತೆ ಅನ್ನುವುದಕ್ಕೆ ಬೇಕಾದದ್ದೆಲ್ಲ ಅಲ್ಲೇ ಇದೆ. 'ನಿಂತುಹೋದರೆ ಸಾಧನೆ ಇದೆ' ಅನ್ನುವ ಒಂದು ಸೇತುವೆ ಹಾಕಿದ್ದರೆ ಪೂರ್ಣತೆಯ ಪ್ರಮೇಯಕ್ಕೆ ಇವತ್ತು ಸ್ಕೋಲೆಮ್‌ನ ಹೆಸರಿರುತ್ತಿತ್ತು.

ಯಾಕೆ ಹಾಕಲಿಲ್ಲ? 1967ರಲ್ಲಿ ಗೋಡೆಲ್ ಹಾವ್ ವಾಂಗ್ ಅನ್ನುವ ತರ್ಕಶಾಸ್ತ್ರಜ್ಞನಿಗೆ ಬರೆದ ಪತ್ರದಲ್ಲಿ ಇದನ್ನು ವಿವರಿಸಿದ್ದಾನೆ. ಗಣಿತದ ದೃಷ್ಟಿಯಿಂದ ಸ್ಕೋಲೆಮ್‌ನ ಕೆಲಸದಿಂದ ಇಲ್ಲಿಗೆ ಬರುವುದು ಹೆಚ್ಚುಕಡಿಮೆ ಒಂದು ಹೆಜ್ಜೆ. ಆದರೂ ಆಗಿನ ಯಾರೂ ಅದನ್ನು ಇಡಲಿಲ್ಲ, ಸ್ಕೋಲೆಮ್ ಕೂಡ ಇಡಲಿಲ್ಲ. ಕಾರಣ, ಮುಗಿಯದ ಅನಂತಗಳ ಬಗ್ಗೆ ಮಾಡುವ ತರ್ಕಕ್ಕೆ ಅರ್ಥವಿದೆ ಅಂತ ಒಪ್ಪುವ ಮನೋಭಾವ ಆಗ ಇರಲಿಲ್ಲ. 'ಎಲ್ಲ ಜಗತ್ತುಗಳಲ್ಲೂ ನಿಜ' ಅನ್ನುವ ಮಾತನ್ನೇ ಗಂಭೀರವಾಗಿ ತೆಗೆದುಕೊಳ್ಳದವನಿಗೆ ಅದಕ್ಕೂ ಸಾಧನೆಗೂ ಏನು ಸಂಬಂಧ ಅನ್ನುವ ಪ್ರಶ್ನೆ ಹುಟ್ಟುವುದಾದರೂ ಎಲ್ಲಿಂದ?

ಇದನ್ನು ಸ್ಕೋಲೆಮ್‌ನ ದಡ್ಡತನ ಅಂತ ಓದಬೇಡಿ. ರಸೆಲ್‌ನ ಕಾಗದದ ನಂತರದ ಕಾಲ ಅದು. ಅನಂತವನ್ನು ಮುಟ್ಟದೆ ಇರುವುದೇ ಜವಾಬ್ದಾರಿ ಅಂತ ಆಗ ಒಳ್ಳೊಳ್ಳೆಯವರು ನಂಬಿದ್ದರು. ಕಲ್ಲು ಬೀಳಬಾರದು ಅನ್ನುವ ಎಚ್ಚರದಲ್ಲಿ ಹಿಟ್ಟಿನ ಲೆಕ್ಕ ಯಾರೂ ಕೇಳಲಿಲ್ಲ.

*

ಹಾಗಾದರೆ 1931ರ ಆ ಪ್ರಸಿದ್ಧ 'ಅಪೂರ್ಣತೆ' ಏನು? ಮೊದಲು ಆ ವಿಚಿತ್ರ ವಾರಾಂತ್ಯದ ಕಥೆ ಕೇಳಿ. 1930ರ ಸೆಪ್ಟೆಂಬರಿನಲ್ಲಿ ಆಗ ಜರ್ಮನಿಯಲ್ಲಿದ್ದ, ಈಗ ರಷ್ಯಾದ ಕಲಿನಿನ್‌ಗ್ರಾದ್ ಆಗಿರುವ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಒಂದು ಸಮ್ಮೇಳನ. 6ನೇ ತಾರೀಕು ಗೋಡೆಲ್ ಇಪ್ಪತ್ತು ನಿಮಿಷ ಪೂರ್ಣತೆಯ ಬಗ್ಗೆ ಮಾತಾಡಿದ. ಮರುದಿನ ಚರ್ಚೆಯ ನಡುವೆ ಮೆಲ್ಲಗೆ ಇನ್ನೊಂದು ಮಾತು ಹಾಕಿದ, ಅಂಕಗಣಿತದಲ್ಲಿ ನಿಜವಾಗಿದ್ದೂ ನಮ್ಮ ಗಣಿತದ ವ್ಯವಸ್ಥೆಯೊಳಗೆ ಸಾಧಿಸಲಾಗದ ವಾಕ್ಯಗಳಿವೆ ಅಂತ. ಅಲ್ಲಿದ್ದವರಲ್ಲಿ ಅದರ ತೂಕ ತಕ್ಷಣ ಗೊತ್ತಾಗಿದ್ದು ಜಾನ್ ಫಾನ್ ನಾಯ್ಮನ್‌ಗೆ. ಅದರ ಮರುದಿನ, 8ನೇ ತಾರೀಕು, ಅದೇ ಊರಿನಲ್ಲಿ ಹಿಲ್ಬರ್ಟ್‌ನ ನಿವೃತ್ತಿಯ ಕಾಲದ ದೊಡ್ಡ ಭಾಷಣ. ಅದರ ಕೊನೆಯ ಭಾಗ ರೇಡಿಯೋದಲ್ಲೂ ಬಂತು. ನಮಗೆ ತಿಳಿಯಲಾಗದ್ದು ಅಂತ ಯಾವುದೂ ಇಲ್ಲ ಅನ್ನುವುದೇ ಅದರ ಸಾರ.

ಒಂದೇ ಪದ, ಎರಡು ಅರ್ಥ. ಗೊಂದಲ ಹುಟ್ಟುವುದು ಇಲ್ಲೇ. 1929ರ ಪೂರ್ಣತೆ ತರ್ಕದ ನಿಯಮಗಳದ್ದು. ನೀವು ಕೊಟ್ಟ ದತ್ತದಿಂದ ಯಾವ್ಯಾವುದು ಅನಿವಾರ್ಯವಾಗಿ ಬರಬೇಕೋ ಅದೆಲ್ಲವನ್ನೂ ನಿಯಮಗಳು ಹೊರತೆಗೆಯುತ್ತವೆ, ಒಂದನ್ನೂ ಬಿಡುವುದಿಲ್ಲ. 1931ರ ಅಪೂರ್ಣತೆ ದತ್ತದ್ದು. ಸಂಖ್ಯೆಗಳ ಬಗ್ಗೆ ನೀವು ಎಷ್ಟೇ ಸ್ವಯಂಸಿದ್ಧಗಳ ಪಟ್ಟಿ ಮಾಡಿ, ಅದರಲ್ಲಿ ವಿರೋಧವಿರದೆ, ಯಂತ್ರ ಗುರುತಿಸುವಂತಿದ್ದು, ಸಾಮಾನ್ಯ ಕೂಡು-ಗುಣಿಸು ಲೆಕ್ಕಕ್ಕೆ ಸಾಲುವಷ್ಟಿದ್ದರೆ, ಆ ಪಟ್ಟಿ 'ಹೌದು' ಅಂತಲೂ 'ಇಲ್ಲ' ಅಂತಲೂ ಹೇಳದ ವಾಕ್ಯ ಒಂದು ಇದ್ದೇ ಇರುತ್ತೆ. ನಿಯಮ ಸೋತಿದ್ದಲ್ಲ. ಪಟ್ಟಿ ಅಷ್ಟು ಹೇಳಿಯೇ ಇರಲಿಲ್ಲ.

ಇವೆರಡು ಜಗಳವಾಡುವುದಿಲ್ಲ, ಕೈ ಜೋಡಿಸುತ್ತವೆ. ಆ ವಾಕ್ಯಕ್ಕೆ ಸಾಧನೆ ಇಲ್ಲ ಅಂದರೆ ಪೂರ್ಣತೆಯ ಪ್ರಕಾರ ಅದು ಸುಳ್ಳಾಗುವ ಒಂದು ಜಗತ್ತು ಇರಲೇಬೇಕು. ನಿಮ್ಮ ಸ್ವಯಂಸಿದ್ಧಗಳನ್ನೆಲ್ಲ ಪಾಲಿಸುವ, ಆದರೆ ನಮ್ಮ 0, 1, 2, 3 ಅಲ್ಲದ, ವಿಚಿತ್ರ ಸಂಖ್ಯೆಗಳ ಜಗತ್ತು. ಅಂಥ ಜಗತ್ತುಗಳನ್ನು 1930ರ ದಶಕದಲ್ಲಿ ಕಟ್ಟಿ ತೋರಿಸಿದವನು ಯಾರು ಗೊತ್ತೇ? ಅದೇ ಸ್ಕೋಲೆಮ್!

'ಗುಂಪುಗಳ ಬಗ್ಗೆಯೂ ಎಲ್ಲ-ಕೆಲವು ಅನ್ನೋಣ, ಆಗ ಆ ವಿಚಿತ್ರ ಜಗತ್ತುಗಳನ್ನು ಹೊರಗಟ್ಟಬಹುದು' ಅಂದರೆ, ಹೌದು, ಆಗುತ್ತೆ. ಅದಕ್ಕೆ ಸೆಕೆಂಡ್ ಆರ್ಡರ್ ಲಾಜಿಕ್ ಅನ್ನುತ್ತಾರೆ. ಆದರೆ ಅಲ್ಲಿ ಕಲ್ಲೂ ಬೀಳದ, ಹಿಟ್ಟೂ ಉಳಿಯದ ಜರಡಿಯನ್ನು ಯಾರೂ ಮಾಡಲಾರರು. ಇದೂ 1931ರ ಕೆಲಸದಿಂದಲೇ ಬರುವ ಫಲ. ಹೆಚ್ಚು ಹೇಳುವ ಭಾಷೆ ಬೇಕೋ, ಪೂರ್ಣವಾದ ಸಾಧನೆ ಬೇಕೋ, ಆರಿಸಿಕೊಳ್ಳಬೇಕು.

*

ಇವತ್ತು ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ಗೋಡೆಲ್‌ನ ಸಾಧನೆಯಲ್ಲ, ಲಿಯಾನ್ ಹೆಂಕಿನ್ ಅನ್ನುವ ಅಮೆರಿಕದವನದ್ದು. ಯುದ್ಧದ ವರ್ಷಗಳಲ್ಲಿ ಅಣುಬಾಂಬಿನ ಯೋಜನೆಯಲ್ಲಿ ದುಡಿದು ಪ್ರಿನ್ಸ್‌ಟನ್ನಿಗೆ ಮರಳಿ 1947ರಲ್ಲಿ ಪಿಎಚ್‌ಡಿ ಮುಗಿಸಿದ. ಸಾಧನೆ ಅಚ್ಚಾಗಿದ್ದು 1949ರಲ್ಲಿ. ಅವನ ಉಪಾಯ ನನಗೆ ಬಹಳ ಇಷ್ಟ. ಒಂದು ಕಥೆಯಲ್ಲಿ ವಿರೋಧ ಇಲ್ಲ ಅಂದುಕೊಳ್ಳಿ. ಆ ಕಥೆ ನಡೆಯುವ ಊರು ಬೇಕು. ಎಲ್ಲಿಂದ ತರುವುದು? ಕಥೆ 'ಒಬ್ಬ ಕಳ್ಳ ಇದ್ದಾನೆ' ಅಂದ ಕಡೆಯಲ್ಲೆಲ್ಲ ಅವನಿಗೊಂದು ಹೊಸ ಹೆಸರು ಕೊಡಿ. ಕಥೆ ತೀರ್ಮಾನಿಸದೇ ಬಿಟ್ಟ ಪ್ರತಿ ಪ್ರಶ್ನೆಗೂ ವಿರೋಧ ಬಾರದಂತೆ ಹೌದು ಅಥವಾ ಇಲ್ಲ ಸೇರಿಸುತ್ತಾ ಹೋಗಿ. ಕೊನೆಗೆ ಆ ಹೆಸರುಗಳೇ ಊರಿನ ಜನ. ಕಥೆಯ ಪದಗಳಿಂದಲೇ ಊರು ಎದ್ದು ನಿಂತಿತು! ಬೇರೆ ಏನನ್ನೋ ಹುಡುಕುತ್ತಿದ್ದಾಗ ಇದು ಸಿಕ್ಕಿತು ಅಂತ ಹೆಂಕಿನ್ 1996ರಲ್ಲಿ ಬರೆದುಕೊಂಡಿದ್ದಾನೆ.

ನಮ್ಮ ಹೊಟ್ಟೆಪಾಡಿಗೂ ಇದಕ್ಕೂ ಏನು ಸಂಬಂಧ ಅಂದರೆ, ಪೂರ್ಣತೆಗೆ ಒಂದು ಬಾಲ ಇದೆ. ಸಾಧನೆ ಇರುವುದಾದರೆ ಯಂತ್ರ ಎಲ್ಲ ಹಾಳೆಗಳನ್ನೂ ಒಂದೊಂದಾಗಿ ಹುಡುಕಿ ಕೊನೆಗೆ ತರುತ್ತೆ. ಇಲ್ಲದಿದ್ದರೆ? 1936ರಲ್ಲಿ ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ಬೇರೆ ಬೇರೆಯಾಗಿ ತೋರಿಸಿದರು, 'ಇಲ್ಲ' ಅಂತ ಪ್ರತಿ ಸಲವೂ ಹೇಳಬಲ್ಲ ಯಂತ್ರ ಸಾಧ್ಯವೇ ಇಲ್ಲ ಅಂತ. ರಾತ್ರಿ ಬಸ್ ಸ್ಟಾಪಿನಲ್ಲಿ ನಿಂತ ಹಾಗೆ. ಬಸ್ಸು ಇದ್ದರೆ ಬಂದೇ ಬರುತ್ತೆ. ಇಲ್ಲದಿದ್ದರೆ 'ಇಲ್ಲ, ಮನೆಗೆ ಹೋಗಿ' ಅಂತ ಯಾರೂ ಬಂದು ಹೇಳುವುದಿಲ್ಲ.

1965ರಲ್ಲಿ ಅಲನ್ ರಾಬಿನ್ಸನ್ ಕಂಪ್ಯೂಟರಿಗೆ ಒಗ್ಗುವ 'ರೆಸಲ್ಯೂಶನ್' ಅನ್ನುವ ಒಂದೇ ನಿಯಮ ಕೊಟ್ಟ, ಸೌಂಡೂ ಹೌದು, ಪೂರ್ಣವೂ ಹೌದು. ಅದರಿಂದ 1970ರ ದಶಕದ ಮೊದಲಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಪ್ರೊಲಾಗ್ ಭಾಷೆ ಹುಟ್ಟಿತು. ವೇಗಕ್ಕಾಗಿ ಸಾಮಾನ್ಯ ಪ್ರೊಲಾಗ್ ಎರಡನ್ನೂ ಬಿಟ್ಟುಕೊಟ್ಟಿದೆ. ಒಂದು ವಸ್ತು ತನ್ನ ಹೊಟ್ಟೆಯೊಳಗೆ ತಾನೇ ಇದೆಯೇ ಅಂತ ನೋಡುವ ಪರೀಕ್ಷೆಯನ್ನು ಅದು ಮಾಡುವುದಿಲ್ಲ, ಹಾಗಾಗಿ ಅಪರೂಪಕ್ಕೆ ಕಲ್ಲು ಬೀಳುತ್ತೆ. ಒಂದೇ ಕವಲು ಹಿಡಿದು ಆಳಕ್ಕೆ ಹೋಗುತ್ತೆ, ಆ ಕವಲು ಮುಗಿಯದಿದ್ದರೆ ಪಕ್ಕದ ಕವಲಿನ ಉತ್ತರ ಸಿಗುವುದೇ ಇಲ್ಲ. ಕೆಲಸಕ್ಕೆ ಬರುತ್ತೆ, ಆದರೆ ಏನು ಕೊಟ್ಟು ಏನು ತಂದೆವು ಅಂತ ಗೊತ್ತಿರಬೇಕು. ನಾವು ದಿನಾ ಬೈದುಕೊಳ್ಳುವ ಕೋಡ್ ಪರೀಕ್ಷಿಸುವ ಟೂಲುಗಳೂ ಅಷ್ಟೆ. ಪ್ರೋಗ್ರಾಮಿನ ನಡವಳಿಕೆಯ ಬಗ್ಗೆ ತಪ್ಪು ಹೇಳದ, ಏನನ್ನೂ ಬಿಡದ, ಯಾವಾಗಲೂ ನಿಲ್ಲುವ ಟೂಲು ಇರಲು ಸಾಧ್ಯವಿಲ್ಲ. ಇನ್ನೂರು ಸುಳ್ಳು ಎಚ್ಚರಿಕೆ ಕೊಡುವ ಟೂಲನ್ನು ಆಫ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಇದು ಕಲ್ಲು ಬೀಳಬಾರದು ಅಂತ ಮಾಡಿದ ಜರಡಿಯೋ, ಹಿಟ್ಟು ಉಳಿಯಬಾರದು ಅಂತ ಮಾಡಿದ್ದೋ?

ಈಗಂತೂ ಈ ವ್ಯತ್ಯಾಸ ಇನ್ನೂ ಮುಖ್ಯವಾಗಿದೆ. 2024ರಲ್ಲಿ ಆಲ್ಫಾಪ್ರೂಫ್ ಅನ್ನುವ ಎಐ ಗಣಿತ ಒಲಿಂಪಿಯಾಡಿನ ಕೆಲವು ಲೆಕ್ಕಗಳಿಗೆ ಲೀನ್ ಅನ್ನುವ ಭಾಷೆಯಲ್ಲಿ ಸಾಧನೆ ಬರೆಯಿತು. ಲೀನ್‌ನ ತರ್ಕ ಫಸ್ಟ್ ಆರ್ಡರ್‌ಗಿಂತ ಬೇರೆ, ಆದರೆ ತತ್ವ ಅದೇ. ಬರೆದದ್ದು ಮನುಷ್ಯನೋ ಯಂತ್ರವೋ ಅನ್ನುವುದನ್ನು ನಂಬಬೇಕಿಲ್ಲ. ಸಾಲು ಸಾಲಾಗಿ ತಾಳೆ ನೋಡುವ ಆ ಸಣ್ಣ ಗುಮಾಸ್ತ ಸೌಂಡ್ ಆಗಿದ್ದರೆ ಸಾಕು. ಚೆಂದವಾಗಿ ಬರೆದದ್ದೆಲ್ಲ ನಿಜದಂತೆ ಕಾಣುವ ಈ ಕಾಲದಲ್ಲಿ ಹೈಸ್ಕೂಲಿನ 'ಪ್ರತಿ ಸಾಲಿಗೂ ಕಾರಣ ಬರೆಯಿರಿ' ಅನ್ನುವ ನಿಯಮಕ್ಕೆ ಬೆಲೆ ಜಾಸ್ತಿಯಾಗಿದೆ.

ಇನ್ನು ಮುಂದೆ ಯಾರಾದರೂ 'ತರ್ಕಕ್ಕೆ ಎಲ್ಲವೂ ನಿಲುಕುವುದಿಲ್ಲ ಅಂತ ಗೋಡೆಲ್ಲೇ ಹೇಳಿದ್ದಾನೆ' ಅಂದರೆ, ಯಾವ ವರ್ಷದ ಗೋಡೆಲ್ ಅಂತ ಕೇಳಿ. ತರ್ಕ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡುತ್ತೆ, 1929ರಿಂದ ಅದಕ್ಕೆ ಸಾಧನೆಯೂ ಇದೆ. ಇಬ್ಬರು ನೆಟ್ಟಗೆ ತರ್ಕ ಮಾಡಿಯೂ ಜಗಳ ಮುಗಿಯದಿದ್ದರೆ ಹುಡುಕಬೇಕಾದ್ದು ದತ್ತದಲ್ಲಿ: ಇಬ್ಬರೂ ಒಂದೇ ದತ್ತದಿಂದ ಹೊರಟಿದ್ದಾರಾ, ಆ ದತ್ತ ಅಷ್ಟು ಹೇಳುತ್ತಾ ಅಂತ. ಅದನ್ನು ಬರೆದುಕೊಡುವವರು ನಾವೇ.

ಆ ಕಾಫಿ ಒಗಟನ್ನು ಮನೆಯಲ್ಲಿ ಒಮ್ಮೆ ಹೇಳಿ ನೋಡಿ, ಯಾರ್ಯಾರು ಒಪ್ಪಲಿಲ್ಲ ಅಂತ ನನಗೂ ತಿಳಿಸಿ :-)